ಬಿಡುವುದಕ್ಕೂ ಶಕ್ತಿ ಬೇಕು

ಸಸೂನ್ ಡಾಕ್, ನಸುಕು

ಬಂಗುಡೆ ರಾಶಿಯ ಮುಂದೆ ಕೂತಿದ್ದ ಕೋಲಿ ಮಾವ್ಶಿ ಒಂದು ಮೀನನ್ನು ತಲೆಯ ಹತ್ತಿರ ಎರಡೇ ಬೆರಳಲ್ಲಿ ಹಿಡಿದು ಅಡ್ಡಕ್ಕೆ ಎತ್ತಿದರು. ಬಾಲ ಜೋತುಬೀಳಲಿಲ್ಲ, ಇಡೀ ಮೀನು ನೆಟ್ಟಗೆ ನಿಂತಿತು. "ಬಘಾ ದಾದಾ, ಏಕ್‌ದಮ್ ಕಡಕ್." ಪಕ್ಕದ ಬುಟ್ಟಿಯಲ್ಲಿ ನಿನ್ನೆಯ ಮಾಲು ಇತ್ತು. ಅದರಲ್ಲೊಂದನ್ನು ನಾನೇ ಹಾಗೆ ಹಿಡಿದು ನೋಡಿದೆ. ಬಾಲ ಮೆಲ್ಲಗೆ ಕೆಳಗಿಳಿಯಿತು. ಕಣ್ಣು ಮಿನುಗಬೇಕು, ಕಿವಿರು ಕೆಂಪಗಿರಬೇಕು, ಮೈ ಕಡಕ್ ಇರಬೇಕು. ಮೀನು ಕೊಳ್ಳುವವರಿಗೆ ಇದು ತಲೆತಲಾಂತರದ ಪರೀಕ್ಷೆ.

ನನಗೆ ಅರ್ಥವಾಗದೆ ಉಳಿದದ್ದು ಇದು. ಜೀವ ಹೋದ ಮೈ ಸಡಿಲಾಗಬೇಕಲ್ಲ? ಬಲೆಯಿಂದ ದೋಣಿಗೆ ಸುರಿದಾಗ ಮೀನು ಒದ್ದಾಡುತ್ತದೆ, ಆಮೇಲೆ ಮೆತ್ತಗಾಗುತ್ತದೆ. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಕೆಲವು ಗಂಟೆ ಕಳೆದ ಮೇಲೆ ಅದೇ ಮೀನು ಸೆಟೆದುಕೊಳ್ಳುತ್ತದೆ, ಇನ್ನಷ್ಟು ಹೊತ್ತು ಹೋದರೆ ಮತ್ತೆ ಮೆತ್ತಗಾಗುತ್ತದೆ. ಶಕ್ತಿಯೆಲ್ಲ ತೀರಿದ ಮೇಲೆ ಬಿಗಿತ ಎಲ್ಲಿಂದ ಬಂತು? ಆ ಬಿಗಿತವನ್ನು ಆಮೇಲೆ ಬಿಡಿಸಿದವರು ಯಾರು?

ಸಸೂನ್ ಮನೆತನ ಈ ಡಾಕನ್ನು ಕಟ್ಟಿಸಿದ್ದು 1875ರಲ್ಲಿ, ಸರಕಿನ ಹಡಗುಗಳಿಗಾಗಿ. ಈಗ ಇಲ್ಲಿ ಮೀನಿನದೇ ರಾಜ್ಯ. ಸ್ನಾಯುವಿನ ಬಗ್ಗೆ ಕುತೂಹಲ ಇರುವವರಿಗೆ ಮುಂಬಯಿಯಲ್ಲಿ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ಮೀನಿನ ಮೈಯಲ್ಲಿ ಅರ್ಧಕ್ಕೂ ಹೆಚ್ಚು ಸ್ನಾಯುವೇ.

ಅಲ್ಲೇ, ಕತ್ತರಿಸುವ ಕಲ್ಲಿನ ಬಳಿ

ಬಂಗುಡೆಯನ್ನು ಅಡ್ಡ ಸೀಳಿದಾಗ ಚರ್ಮದ ಕೆಳಗೆ, ಎರಡೂ ಪಕ್ಕೆಯ ನಡುಮಧ್ಯೆ ಕಡುಕೆಂಪು ಪಟ್ಟಿ ಕಾಣುತ್ತದೆ. ಉಳಿದದ್ದು ಬೆಳ್ಳಗೆ. ಬಂಗುಡೆ ದಿನವಿಡೀ ನಿಲ್ಲದೆ ಈಜುವ ಮೀನು. ಆ ನಿತ್ಯದ ಈಜಿಗೆ ಕೆಂಪು ಪಟ್ಟಿ. ಅದರಲ್ಲಿ ಆಮ್ಲಜನಕ ಹಿಡಿದಿಡುವ ಮಯೋಗ್ಲೋಬಿನ್ ತುಂಬಿರುತ್ತದೆ, ಸ್ನಾಯುವನ್ನು ಎಳೆಯುವ ಮಯೋಸಿನ್ ಎಂಬ ಪ್ರೋಟೀನು ನಿಧಾನ ಜಾತಿಯದು, ಸುಸ್ತಾಗುವುದು ತಡ. ಬಿಳಿ ಸ್ನಾಯು, ಸುರ್ಮಯಿಯಂಥ ಬೇಟೆ ಮೀನು ಬೆನ್ನಟ್ಟಿ ಬಂದಾಗಿನ ಒಂದು ಓಟಕ್ಕೆ. ಚುರುಕು ಜಾಸ್ತಿ, ಬಾಳಿಕೆ ಕಡಿಮೆ. ನಮ್ಮ ಕಾಲಿನಲ್ಲೂ ಎರಡೂ ಬಗೆ ಇವೆ, ಆದರೆ ಕಲಸಿಕೊಂಡಿವೆ. ಬಂಗುಡೆಯಲ್ಲಿ ಮಾತ್ರ ಬೇರೆ ಬೇರೆಯಾಗಿ ಕಣ್ಣಿಗೇ ಕಾಣುತ್ತವೆ.

ಬೊಂಬಿಲ್ ಮೀನಿಗೆ ಕಡಕ್ ಪರೀಕ್ಷೆ ನಡೆಯದು. ಅದರ ಮಾಂಸದಲ್ಲಿ ಹತ್ತರಲ್ಲಿ ಒಂಬತ್ತು ಪಾಲು ನೀರು. ಹಾಗಾಗಿಯೇ ಅದನ್ನು ವರ್ಸೋವಾದ ಬಿದಿರಿನ ಚೌಕಟ್ಟುಗಳ ಮೇಲೆ ಒಣಗಿಸುವುದು.

ಮನೆ, ರಾತ್ರಿ, ಪುಸ್ತಕ ತೆರೆದಿಟ್ಟು

1954ರಲ್ಲಿ 'ನೇಚರ್' ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಎರಡು ಲೇಖನಗಳು ಬಂದವು. ಒಂದು ಆಂಡ್ರೂ ಹಕ್ಸ್ಲಿ ಮತ್ತು ನೀಡರ್‌ಗರ್ಕೆ ಅವರದು, ಇನ್ನೊಂದು ಹ್ಯೂ ಹಕ್ಸ್ಲಿ ಮತ್ತು ಜೀನ್ ಹ್ಯಾನ್ಸನ್ ಅವರದು. ಇಬ್ಬರು ಹಕ್ಸ್ಲಿಗಳಿಗೂ ನೆಂಟಸ್ತಿಕೆ ಇಲ್ಲ. ಇಬ್ಬರೂ ಹೇಳಿದ್ದು ಒಂದೇ ಮಾತು: ಸ್ನಾಯು ಕುಗ್ಗುವಾಗ ಅದರೊಳಗಿನ ಎಳೆಗಳು ಕುಗ್ಗುವುದಿಲ್ಲ. ದಪ್ಪ ಎಳೆ, ತೆಳು ಎಳೆ ಎಂದು ಎರಡು ಬಗೆ. ಅವು ಒಂದರ ಪಕ್ಕ ಒಂದು ಜಾರುತ್ತವೆ, ಅಷ್ಟೆ. ಉದ್ದ ಇದ್ದ ಹಾಗೇ ಇರುತ್ತದೆ, ಮೈ ಮೈ ಸೇರಿರುವ ಭಾಗ ಹೆಚ್ಚುತ್ತದೆ. ಎಳೆಗಳ ಇಂಥ ಒಂದು ಘಟಕಕ್ಕೆ ಸಾರ್ಕೊಮಿಯರ್ ಎಂದು ಹೆಸರು. ಉದ್ದ ಒಂದು ಮಿಲಿಮೀಟರಿನ ಸಾವಿರ ಪಾಲಿನಲ್ಲಿ ಎರಡು ಪಾಲಿಗಿಂತ ಚೂರು ಹೆಚ್ಚು. ಇವು ತುದಿಗೆ ತುದಿ ಸೇರಿ ಸಾಲುಗಟ್ಟಿರುವುದರಿಂದಲೇ ಒಂದೊಂದರ ಸಣ್ಣ ಜಾರುವಿಕೆ ಕೂಡಿ ಕೈ ಮಡಚುತ್ತದೆ.

ದಪ್ಪ ಎಳೆ ಮಯೋಸಿನ್‌ನದು. ಒಂದು ಎಳೆಯಲ್ಲಿ ಸುಮಾರು 300 ಮಯೋಸಿನ್ ಅಣುಗಳು, ಒಂದೊಂದಕ್ಕೆ ಎರಡು ತಲೆ. ತೆಳು ಎಳೆ ಆಕ್ಟಿನ್‌ನದು. ಮಯೋಸಿನ್ ತಲೆ ಆಕ್ಟಿನ್ ಹಿಡಿಯುತ್ತದೆ, ಬಾಗುತ್ತದೆ, ಎಳೆ ಐದರಿಂದ ಹತ್ತು ನ್ಯಾನೊಮೀಟರ್ ಸರಿಯುತ್ತದೆ, ತಲೆ ಬಿಡುತ್ತದೆ, ಮುಂದಕ್ಕೆ ಹೋಗಿ ಮತ್ತೆ ಹಿಡಿಯುತ್ತದೆ.

ಮಲ್ಪೆ ಕಡೆಯಿಂದ ಬಂದು ಮುಂಬಯಿಯಲ್ಲೇ ಬಾಳು ಕಳೆದ ಮೊಗವೀರ ಹಿರಿಯರೊಬ್ಬರು ರಂಪಣಿ ಬಲೆ ಎಳೆಯುವುದನ್ನು ವಿವರಿಸಿದ್ದು ಇಲ್ಲಿ ನೆನಪಾಯಿತು. ದಡದಲ್ಲಿ ಹತ್ತಾರು ಜನ ಸಾಲಾಗಿ ಹಗ್ಗ ಹಿಡಿದು ಎಳೆಯುತ್ತಾರೆ. ಎಲ್ಲರೂ ಒಟ್ಟಿಗೆ ಕೈ ಬಿಟ್ಟರೆ ಬಲೆ ಸಮುದ್ರಕ್ಕೆ ವಾಪಸು. ಯಾರೂ ಕೈ ಬಿಡದಿದ್ದರೆ ಮುಂದಿನ ಹಿಡಿತವೇ ಇಲ್ಲ, ಬಲೆ ನಿಂತಲ್ಲೇ ನಿಲ್ಲುತ್ತದೆ. ಒಬ್ಬ ಬಿಡುವಾಗ ಪಕ್ಕದವ ಹಿಡಿದಿರಬೇಕು. ಮಯೋಸಿನ್ ತಲೆಗಳ ಲೆಕ್ಕವೂ ಹೀಗೇ. ಒಂದೊಂದರ ಹಿಡಿತ ಅಲ್ಪ ಹೊತ್ತಿನದು, ಒಂದೊಂದರ ಬಲ ಕೆಲವೇ ಪಿಕೊನ್ಯೂಟನ್. ಸರದಿಯ ಮೇಲೆ ಹಿಡಿದು ಬಿಡುವುದರಿಂದಲೇ ಎಳೆತ ನಡೆಯುತ್ತದೆ.

ಇನ್ನು ಎಟಿಪಿ. ಜೀವಕೋಶದ ಶಕ್ತಿಯ ಬಹುಪಾಲು ಖರ್ಚಾಗುವುದು ಈ ಅಣುವಿನ ರೂಪದಲ್ಲಿ. ಮಯೋಸಿನ್ ಎಟಿಪಿಯನ್ನು ಒಡೆಯುತ್ತದೆ ಎಂದು ಸೋವಿಯತ್ ದಂಪತಿ ಎಂಗೆಲ್‌ಗಾರ್ಟ್ ಮತ್ತು ಲ್ಯುಬಿಮೊವಾ 1939ರಲ್ಲಿ ತೋರಿಸಿದರು. ಹಂಗೇರಿಯ ಸೆಗೆಡ್ ಊರಿನಲ್ಲಿ, ಮಹಾಯುದ್ಧದ ನಡುವೆ, ಆಲ್ಬರ್ಟ್ ಸೆಂಟ್ ಗ್ಯೋರ್ಗಿ ಅವರು ಮಯೋಸಿನ್ ಮತ್ತು ಆಕ್ಟಿನ್ ಸೇರಿದ ದಾರವನ್ನು ಗಾಜಿನ ತಟ್ಟೆಯಲ್ಲಿ ಎಳೆದು ಅದಕ್ಕೆ ಎಟಿಪಿ ಹಾಕಿದರು. ದಾರ ಕುಗ್ಗಿತು. ಜೀವವಿಲ್ಲದ, ನರವಿಲ್ಲದ ಬರೀ ಪ್ರೋಟೀನು ಚಲಿಸಿದ್ದನ್ನು ಮನುಷ್ಯ ಕಂಡದ್ದು ಅದೇ ಮೊದಲು. ಆಕ್ಟಿನ್ ಎಂಬ ಪ್ರೋಟೀನನ್ನು ಬೇರ್ಪಡಿಸಿದವರು ಅದೇ ಪ್ರಯೋಗಾಲಯದ ಸ್ಟ್ರೌಬ್.

ಎಟಿಪಿ ಖರ್ಚಾಗುವುದು ಎಳೆಯುವುದಕ್ಕೆ ಎಂದು ಯಾರಿಗಾದರೂ ಅನ್ನಿಸುತ್ತದೆ. ಮಯೋಸಿನ್ ತಲೆಯ ಚಕ್ರವನ್ನು ಹೆಜ್ಜೆ ಹೆಜ್ಜೆಯಾಗಿ ಓದಿದಾಗ ಬೇರೆಯೇ ಕಾಣುತ್ತದೆ. ಎಟಿಪಿ ಬಂದು ಕೂತ ಕೂಡಲೇ ಆಗುವ ಮೊದಲ ಕೆಲಸ ಎಂದರೆ ತಲೆ ಆಕ್ಟಿನ್ನನ್ನು ಬಿಟ್ಟುಬಿಡುವುದು. ಬಿಟ್ಟ ಮೇಲೆ ಎಟಿಪಿ ಒಡೆಯುತ್ತದೆ, ತಲೆ ಸೆಟೆದು ಸಜ್ಜಾಗುತ್ತದೆ, ಮತ್ತೆ ಆಕ್ಟಿನ್ ಹಿಡಿಯುತ್ತದೆ, ಒಡೆದ ಚೂರುಗಳು ಹೊರಬೀಳುವಾಗ ಎಳೆತ. ಹೊಸ ಎಟಿಪಿ ಬಾರದಿದ್ದರೆ ತಲೆ ಹಿಡಿದಲ್ಲೇ ಉಳಿಯುತ್ತದೆ.

ಡಾಕಿನ ಮೀನು ಕಡಕ್ ಆಗಿದ್ದು ಹೀಗೆ. ಉಸಿರು ನಿಂತಿತು, ಎಟಿಪಿ ತಯಾರಿ ನಿಂತಿತು. ಇದ್ದದ್ದು ಕೆಲವು ಗಂಟೆಯಲ್ಲಿ ತೀರಿತು. ಕೋಟಿ ಕೋಟಿ ಮಯೋಸಿನ್ ತಲೆಗಳು ಆಕ್ಟಿನ್ ಹಿಡಿದವು, ಬಿಡಿಸುವ ಅಣು ಇಲ್ಲ. ಬಲೆಯಲ್ಲಿ ಬಹಳ ಹೊತ್ತು ಒದ್ದಾಡಿ ಸತ್ತ ಮೀನು ಬೇಗ ಸೆಟೆಯುತ್ತದೆ, ಏಕೆಂದರೆ ಅದರ ಎಟಿಪಿ ಮೊದಲೇ ಖರ್ಚಾಗಿದೆ. ಆಮೇಲೆ ಮೆತ್ತಗಾಗುತ್ತದಲ್ಲ, ಆಗಲೂ ಮಯೋಸಿನ್ ಬಿಟ್ಟಿರುವುದಿಲ್ಲ. ಸ್ನಾಯುವಿನದೇ ಕಿಣ್ವಗಳು ಸಾರ್ಕೊಮಿಯರ್‌ನ ತುದಿಗಟ್ಟುಗಳನ್ನು ಕಡಿದುಹಾಕಿರುತ್ತವೆ. ನಿನ್ನೆಯ ಬುಟ್ಟಿಯ ಬಂಗುಡೆ ಸಡಿಲಗೊಂಡದ್ದಲ್ಲ, ಒಳಗೇ ಹರಿದುಹೋದದ್ದು.

ಕೊಲಾಬಾ, ನೇವಿ ನಗರದ ತುದಿ

ಡಾಕಿನಿಂದ ಇನ್ನೂ ದಕ್ಷಿಣಕ್ಕೆ ಹೋದರೆ ಸಮುದ್ರದಂಚಿಗೆ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ. ಅಲ್ಲಿ ರೂಪ್ ಮಲ್ಲಿಕ್ ಅವರ ತಂಡ ಡೈನೀನ್ ಎಂಬ ಪ್ರೋಟೀನಿನ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿತು. ಡೈನೀನ್ ಸ್ನಾಯುವಿನದಲ್ಲ. ಜೀವಕೋಶದೊಳಗೆ ಸರಕು ಹೊತ್ತು ನಡೆಯುವ ಪ್ರೋಟೀನು, ಮಯೋಸಿನ್‌ನ ಹಾಗೆ ಎಟಿಪಿ ಸುಟ್ಟು ಹೆಜ್ಜೆಯಿಡುವಂಥದು. ಒಂಟಿಯಾಗಿ ಅದು ದುರ್ಬಲ. ಗುಂಪುಗೂಡಿದಾಗ ಹೊರೆಯನ್ನು ಹಂಚಿಕೊಂಡು ದೊಡ್ಡ ಬಲ ಕೊಡುತ್ತದೆ ಎಂದು ಅವರ ತಂಡ 2013ರಲ್ಲಿ ತೋರಿಸಿತು. 2018ರ ಇನ್ಫೋಸಿಸ್ ಪ್ರಶಸ್ತಿ ಬಂದದ್ದು ಈ ಬಗೆಯ ಕೆಲಸಕ್ಕೇ. ಒಂದೊಂದೂ ಅಶಕ್ತ, ಕೂಡಿದರೆ ಬಲ. ಸ್ನಾಯುವಿನಲ್ಲೂ ಇದೇ, ಜೀವಕೋಶದ ಸರಕು ಸಾಗಣೆಯಲ್ಲೂ ಇದೇ. ಪ್ರಕೃತಿ ಒಂದು ಬಲಶಾಲಿ ಅಣುವನ್ನು ಮಾಡುವ ಬದಲು ಸಾವಿರ ಬಡ ಅಣುಗಳನ್ನು ಯಾಕೆ ನೆಚ್ಚಿಕೊಂಡಿತು? ನನಗೆ ತೋಚುವ ಉತ್ತರ: ಬಿಡುವುದು ಸುಲಭವಾಗಿರಲಿ ಎಂದು. ಬಲವಾಗಿ ಹಿಡಿಯುವ ಅಣು ಬಲವಾಗಿಯೇ ಅಂಟಿಕೊಂಡು ಕೂರುತ್ತಿತ್ತು.

ಕ್ಯಾಲ್ಸಿಯಂ ಪುಟ

ಬದುಕಿರುವ ಸ್ನಾಯುವಿನಲ್ಲಿ ಎಟಿಪಿ ಯಾವಾಗಲೂ ಇದೆ, ಮಯೋಸಿನ್ ಇದೆ, ಆಕ್ಟಿನ್ ಪಕ್ಕದಲ್ಲೇ ಇದೆ. ಹಾಗಿದ್ದರೆ ನಾವು ಸುಮ್ಮನೆ ಕೂತಾಗ ಮೈಯೆಲ್ಲ ಯಾಕೆ ಎಳೆದಾಡುವುದಿಲ್ಲ?

1883ರಲ್ಲಿ ಲಂಡನ್ನಿನ ವೈದ್ಯ ಸಿಡ್ನಿ ರಿಂಗರ್ ಕಪ್ಪೆಯ ಹೃದಯವನ್ನು ಉಪ್ಪುನೀರಲ್ಲಿಟ್ಟು ಬಡಿಸುತ್ತಿದ್ದರು. ಬಟ್ಟಿ ಇಳಿಸಿದ ನೀರಿನಲ್ಲಿ ದ್ರಾವಣ ಮಾಡಿದಾಗ ಬಡಿತ ನಿಂತಿತು, ನಲ್ಲಿ ನೀರಿನಲ್ಲಿ ಮಾಡಿದಾಗ ನಡೆಯಿತು. ಲಂಡನ್ನಿನ ನಲ್ಲಿ ನೀರಿನಲ್ಲಿದ್ದ ಕ್ಯಾಲ್ಸಿಯಮ್ಮೇ ವ್ಯತ್ಯಾಸ. ಇವತ್ತಿಗೂ ಆಸ್ಪತ್ರೆಯಲ್ಲಿ ಏರಿಸುವ 'ರಿಂಗರ್ ಲ್ಯಾಕ್ಟೇಟ್' ಬಾಟಲಿಯ ಮೇಲಿರುವುದು ಇವರದೇ ಹೆಸರು.

ಕ್ಯಾಲ್ಸಿಯಂ ಮಾಡುವುದೇನು ಎಂದು ಗೊತ್ತಾಗಲು ಮತ್ತೆ ಎಂಬತ್ತು ವರ್ಷ ಬೇಕಾಯಿತು. ಟೋಕಿಯೊದಲ್ಲಿ ಸೆತ್ಸುರೊ ಎಬಾಶಿ 1960ರ ದಶಕದಲ್ಲಿ ಟ್ರೋಪೊನಿನ್ ಕಂಡುಹಿಡಿದರು. ತೆಳು ಎಳೆಯ ಉದ್ದಕ್ಕೂ ಟ್ರೋಪೊಮಯೋಸಿನ್ ಎಂಬ ಸಣ್ಣ ಪ್ರೋಟೀನು ಮಲಗಿರುತ್ತದೆ, ಒಂದೊಂದು ಏಳು ಆಕ್ಟಿನ್ ಅಣುಗಳ ಉದ್ದಕ್ಕೆ. ಮಯೋಸಿನ್ ಹಿಡಿಯಬೇಕಾದ ಜಾಗವನ್ನೇ ಅದು ಮುಚ್ಚಿಕೊಂಡಿರುತ್ತದೆ. ಅದರ ಮೇಲೆ ಕೂತ ಟ್ರೋಪೊನಿನ್‌ನಲ್ಲಿ ಮೂರು ಭಾಗ. ಸಿ ಭಾಗ ಕ್ಯಾಲ್ಸಿಯಂ ಹಿಡಿಯುತ್ತದೆ, ಐ ಭಾಗ ತಡೆಯುತ್ತದೆ, ಟಿ ಭಾಗ ಟ್ರೋಪೊಮಯೋಸಿನ್‌ಗೆ ಅಂಟಿಕೊಳ್ಳುತ್ತದೆ. ನರದ ಅಪ್ಪಣೆ ಬಂದಾಗ ಸ್ನಾಯುಕೋಶದೊಳಗಿನ ಚೀಲಗಳಿಂದ ಕ್ಯಾಲ್ಸಿಯಂ ಹೊರಚೆಲ್ಲುತ್ತದೆ. ಟ್ರೋಪೊನಿನ್ ಅದನ್ನು ಹಿಡಿದ ಕೂಡಲೇ ಟ್ರೋಪೊಮಯೋಸಿನ್ ಸ್ವಲ್ಪ ಪಕ್ಕಕ್ಕೆ ಸರಿಯುತ್ತದೆ. ಆಕ್ಟಿನ್ ತೆರೆಯಿತು, ಮಯೋಸಿನ್ ಹಿಡಿಯಿತು. ನಮ್ಮಂಥ ಬೆನ್ನೆಲುಬಿನ ಪ್ರಾಣಿಗಳ ಕೈಕಾಲಿನ ಸ್ನಾಯು ಮತ್ತು ಹೃದಯ ಎರಡರಲ್ಲೂ ಅಂಕುಶ ಹೀಗೆ ತೆಳು ಎಳೆಯಲ್ಲಿದೆ. ಬೆನ್ನೆಲುಬಿಲ್ಲದ ಶೆಲ್‌ಫಿಶ್ ಜಾತಿಯವುಗಳಲ್ಲಿ, ತಿಸ್ರಿಯಂಥವುಗಳ ಬಳಗದಲ್ಲಿ, ಕ್ಯಾಲ್ಸಿಯಂ ನೇರ ಮಯೋಸಿನ್‌ಗೇ ಹೋಗಿ ಅಂಟುತ್ತದೆ.

ಸಡಿಲಾಗಬೇಕಾದರೆ ಚೆಲ್ಲಿದ ಕ್ಯಾಲ್ಸಿಯಂ ಅಷ್ಟನ್ನೂ ಮತ್ತೆ ಚೀಲಕ್ಕೆ ತುಂಬಬೇಕು. ಸೆರ್ಕಾ ಎಂಬ ಪ್ರೋಟೀನು ಒಂದು ಎಟಿಪಿ ಖರ್ಚು ಮಾಡಿ ಎರಡು ಕ್ಯಾಲ್ಸಿಯಂ ಒಳಗೆ ತಳ್ಳುತ್ತದೆ. ದುಡಿಯುವ ಸ್ನಾಯುವಿನ ಎಟಿಪಿ ಖರ್ಚಿನಲ್ಲಿ ಸುಮಾರು ಮೂರನೇ ಒಂದು ಪಾಲು ಈ ಕೆಲಸಕ್ಕೇ ಹೋಗುತ್ತದೆ. ಅಂದರೆ ಬಿಡುವುದಕ್ಕೆ ಎರಡು ಸಲ ದುಡ್ಡು ಕಟ್ಟಬೇಕು: ಮಯೋಸಿನ್ ತಲೆ ಬಿಡಿಸುವುದಕ್ಕೊಮ್ಮೆ, ಕ್ಯಾಲ್ಸಿಯಂ ಹಿಂದಕ್ಕೆ ತುಂಬುವುದಕ್ಕೊಮ್ಮೆ.

ವಿರಾರ್ ಫಾಸ್ಟ್, ಬಾಗಿಲ ಹತ್ತಿರ

ದಾದರ್‌ನಿಂದ ಬೊರಿವಲಿವರೆಗೆ ಮೇಲಿನ ಹಿಡಿಕೆ ಹಿಡಿದು ನಿಂತೆ. ಕೈ ಒಂದಿಂಚೂ ಅಲುಗಲಿಲ್ಲ. ಶಾಲೆಯ ಭೌತಶಾಸ್ತ್ರದ ಪ್ರಕಾರ ಕೆಲಸ ಸೊನ್ನೆ, ಬಲ ಇದ್ದರೂ ಚಲನೆ ಇಲ್ಲವಲ್ಲ. ಆದರೆ ಅಂಧೇರಿ ದಾಟುವಷ್ಟರಲ್ಲಿ ಮುಂಗೈ ಉರಿಯಲು ಶುರು.

ಹಿಡಿಕೆಗೆ ಸುತ್ತಿದ ಬೆರಳು ನಿಶ್ಚಲವಾಗಿ ಕಾಣುತ್ತದೆ. ಒಳಗೆ ಒಂದೊಂದು ಮಯೋಸಿನ್ ತಲೆಯೂ ಹಿಡಿಯುತ್ತಿದೆ, ಬಿಡುತ್ತಿದೆ, ಮತ್ತೆ ಹಿಡಿಯುತ್ತಿದೆ. ಎಳೆ ಜಾರದಿದ್ದರೂ ಚಕ್ರ ನಿಲ್ಲುವುದಿಲ್ಲ, ಒಂದೊಂದು ಸುತ್ತಿಗೂ ಒಂದು ಎಟಿಪಿ. ಜೋರಾಗಿ ದುಡಿಯುವಾಗ ಸ್ನಾಯುವಿನಲ್ಲಿ ಸಿದ್ಧವಿರುವ ಎಟಿಪಿ ಕೆಲವೇ ಸೆಕೆಂಡಿಗೆ ಸಾಕು. ಕ್ಷಣ ಕ್ಷಣ ಹೊಸದು ತಯಾರಾಗುತ್ತಿರಬೇಕು. ಬಿಗಿದ ಸ್ನಾಯು ತನ್ನದೇ ರಕ್ತನಾಳಗಳನ್ನು ಅಮುಕಿಕೊಳ್ಳುವುದರಿಂದ ಆಮ್ಲಜನಕವೂ ಕಮ್ಮಿ. ಉರಿ ಬಾರದೆ ಇನ್ನೇನು?

ಅದೇ ಕೈಯ ಒಳಗಿನ ರಕ್ತನಾಳದ ಗೋಡೆಯನ್ನು ನೋಡಿ. ಅದೂ ಸ್ನಾಯುವೇ. ಹುಟ್ಟಿದಂದಿನಿಂದ ಬಿಗಿ ಹಿಡಿದೇ ಇದೆ, ದಣಿದದ್ದಿಲ್ಲ. ಅಲ್ಲಿ ಟ್ರೋಪೊನಿನ್ ಇಲ್ಲ. ಕ್ಯಾಲ್ಸಿಯಂ ಕ್ಯಾಲ್ಮೊಡ್ಯುಲಿನ್ ಎಂಬ ಬೇರೊಂದು ಪ್ರೋಟೀನನ್ನು ಹಿಡಿಯುತ್ತದೆ, ಅದು ಒಂದು ಕಿಣ್ವವನ್ನು ಎಬ್ಬಿಸುತ್ತದೆ, ಆ ಕಿಣ್ವ ಮಯೋಸಿನ್‌ಗೇ ಒಂದು ಫಾಸ್ಫೇಟ್ ಅಂಟಿಸುತ್ತದೆ, ಆಗ ಹಿಡಿತ. ಸುತ್ತುದಾರಿ, ಆದ್ದರಿಂದ ನಿಧಾನ. ಆಮೇಲೆ ಫಾಸ್ಫೇಟ್ ಕಳಚಿದರೂ ತಲೆ ಆಕ್ಟಿನ್‌ನಲ್ಲಿ ಬಹಳ ಹೊತ್ತು ಉಳಿಯುತ್ತದೆ. ಹೀಗೆ ಅತಿ ಕಡಿಮೆ ಎಟಿಪಿಯಲ್ಲಿ ಬಿಗಿತ ನಿಲ್ಲುತ್ತದೆ. ಇಂಥ ಸ್ನಾಯು ನಮ್ಮ ಬೆರಳಿಗಿದ್ದರೆ ವಿರಾರ್‌ವರೆಗೂ ಆರಾಮಾಗಿ ನೇತಾಡಬಹುದಿತ್ತು, ಆದರೆ ಸ್ಟೇಷನ್ ಬಂದಾಗ ಕೈ ಬಿಡುವುದಕ್ಕೆ ಆಗುತ್ತಿರಲಿಲ್ಲ. ಬೇಗ ಬಿಡಬೇಕಾದರೆ ಬೆಲೆ ತೆರಲೇಬೇಕು.

ಶಿವಾಜಿ ಪಾರ್ಕ್, ಸಂಜೆ

ಸಮರ್ಥ ವ್ಯಾಯಾಮ ಮಂದಿರದ ಮಕ್ಕಳು ಎಣ್ಣೆ ಹಚ್ಚಿದ ಮಲ್ಲಕಂಬ ಏರುತ್ತಿದ್ದಾರೆ. ಹತ್ತು ಹನ್ನೆರಡರ ಹುಡುಗಿಯೊಬ್ಬಳು ತೊಡೆಯಿಂದ ಮಾತ್ರ ಕಂಬ ಹಿಡಿದು ಕೈ ಎರಡೂ ಬಿಟ್ಟು ಅಡ್ಡ ಚಾಚಿದಳು. ಹರಳೆಣ್ಣೆಯ ಜಾರಿಕೆಯನ್ನು ತೊಡೆಯ ಒಳಸ್ನಾಯು ಎದುರಿಸುತ್ತಿದೆ. ಹಿಡಿತ ಕ್ಷಣ ಸಡಿಲಾದರೂ ಜಾರುತ್ತಾಳೆ, ಬಿಡದಿದ್ದರೆ ಮುಂದಿನ ಆಸನಕ್ಕೆ ಹೊರಳಲಾರಳು. ಕಲ್ಯಾಣದ ಚಾಲುಕ್ಯ ಅರಸ ಮೂರನೇ ಸೋಮೇಶ್ವರ 1130ರ ಸುಮಾರಿಗೆ ಬರೆದ 'ಮಾನಸೋಲ್ಲಾಸ'ದಲ್ಲಿ ಮಲ್ಲರ ಕಸರತ್ತಿಗೆ ಒಂದು ಪ್ರಕರಣವೇ ಇದೆ. ಮಲ್ಲಕಂಬದ ಇತಿಹಾಸ ಹೇಳುವವರು ಅಲ್ಲಿಂದಲೇ ಆರಂಭಿಸುತ್ತಾರೆ. ಬಸವಕಲ್ಯಾಣದ ಅರಸನ ಗ್ರಂಥದಿಂದ ದಾದರಿನ ಮಣ್ಣಿಗೆ ಈ ನಂಟು ಇದೆ ಎಂಬುದು ಕನ್ನಡಿಗನಾದ ನನಗೆ ಖುಷಿ ಕೊಡುವ ಸಂಗತಿ.

ಇನ್ನೊಂದು ಒಗಟು. ದಹಿ ಹಂಡಿಯ ಮಾನವ ಗೋಪುರ ಕಟ್ಟುವ ಗೋವಿಂದರು ಏರುವುದಕ್ಕಿಂತ ಇಳಿಯುವುದನ್ನು ಹೆಚ್ಚು ಅಭ್ಯಾಸ ಮಾಡಬೇಕು ಎನ್ನುತ್ತಾರೆ. 2012ರಲ್ಲಿ ಜೋಗೇಶ್ವರಿಯ ಜೈ ಜವಾನ್ ತಂಡ ಒಂಬತ್ತು ಥರ ಕಟ್ಟಿ ಗಿನ್ನೆಸ್ ದಾಖಲೆ ಮಾಡಿತು, ಎತ್ತರ 43 ಅಡಿಗೂ ಹೆಚ್ಚು. ಅಷ್ಟು ಥರ ಇಳಿಸುವಾಗ ಕೆಳಗಿನವರ ತೊಡೆ ಹೊರೆಯ ಕೆಳಗೆ ಉದ್ದವಾಗುತ್ತಲೇ ಬಿಗಿ ಹಿಡಿದಿರಬೇಕು. ಸ್ನಾಯು ಹೀಗೆ ಎಳೆಸಿಕೊಳ್ಳುತ್ತ ತಡೆಯುವಾಗ ಎಳೆಯುವಾಗಿನದಕ್ಕಿಂತ ಹೆಚ್ಚು ಬಲ ಕೊಡುತ್ತದೆ, ಎಟಿಪಿ ಕಡಿಮೆ ಉರಿಸುತ್ತದೆ, ಆದರೆ ಮಾರನೆಯ ದಿನದ ನೋವು ಜಾಸ್ತಿ. ದಾದರ್ ಸೇತುವೆ ಹತ್ತಿದ ದಿನಕ್ಕಿಂತ ಬೆಟ್ಟ ಇಳಿದ ದಿನ ತೊಡೆ ಹಿಡಿದುಕೊಳ್ಳುವುದು ಇದಕ್ಕೇ. ಇಲ್ಲಿ ಟೈಟಿನ್‌ನ ಪಾತ್ರ ದೊಡ್ಡದು. ದೇಹದಲ್ಲಿ ಗೊತ್ತಿರುವ ಅತಿ ದೊಡ್ಡ ಪ್ರೋಟೀನು ಇದೇ: ಮೂವತ್ತು ಸಾವಿರಕ್ಕೂ ಮೀರಿದ ಅಮೈನೊ ಆಮ್ಲಗಳು, ಸಾರ್ಕೊಮಿಯರ್‌ನ ತುದಿಯಿಂದ ನಡುವಿನವರೆಗೆ ಒಂದೇ ಅಣು ಚಾಚಿದೆ. ಎಳೆದಷ್ಟೂ ಬಿಗಿಯಾಗುತ್ತದೆ. ಕ್ಯಾಲ್ಸಿಯಂ ಬಂದಾಗ ಟೈಟಿನ್ ತಾನೇ ಇನ್ನಷ್ಟು ಬಿಗಿಯಾಗುತ್ತದೆಯೇ, ಎಷ್ಟು, ಹೇಗೆ ಎಂಬುದರ ಮೇಲೆ ವಿಜ್ಞಾನಿಗಳ ವಾದ ಇನ್ನೂ ನಡೆದೇ ಇದೆ. 1954ರ ಇಬ್ಬರು ಹಕ್ಸ್ಲಿಗಳ ಚಿತ್ರದಲ್ಲಿ ಎರಡೇ ಎಳೆ ಇತ್ತು. ಮೂರನೆಯ ಎಳೆ ಈ ಟೈಟಿನ್.

ಪರೇಲ್

ಬಿಡಲಾಗದ ಸ್ನಾಯುವಿನ ಇನ್ನೊಂದು ಕತೆ ಇಲ್ಲಿಯದು. ಹಾಫ್ಕಿನ್ ಸಂಸ್ಥೆಯ ಕಟ್ಟಡ ಒಂದು ಕಾಲದ ಗವರ್ನರ್ ಬಂಗಲೆ. 1899ರಲ್ಲಿ ಪ್ಲೇಗ್ ಪ್ರಯೋಗಾಲಯ ಇಲ್ಲಿಗೆ ಬಂತು. 1902ರ ಅಕ್ಟೋಬರಿನಲ್ಲಿ ಪಂಜಾಬಿನ ಮುಲ್ಕೋವಾಲ್ ಹಳ್ಳಿಯಲ್ಲಿ ಮುಂಬಯಿಯಿಂದ ಹೋದ ಪ್ಲೇಗ್ ಲಸಿಕೆಯ ಒಂದು ಬಾಟಲಿಯಿಂದ ಚುಚ್ಚಿಸಿಕೊಂಡ 19 ಜನ ಧನುರ್ವಾಯುವಿನಿಂದ ಸತ್ತರು. ತಪ್ಪು ಆ ಲಸಿಕೆಯನ್ನು ರೂಪಿಸಿದ ಹಾಫ್ಕಿನ್ ಅವರ ಪ್ರಯೋಗಾಲಯದ್ದೆಂದು ಹೊರಿಸಿದರು. ಬಾಟಲಿ ಕೆಟ್ಟದ್ದು ಹಳ್ಳಿಯಲ್ಲೇ ಎಂಬ ವಾದವನ್ನು ಮಲೇರಿಯಾ ಸಂಶೋಧಕ ರೊನಾಲ್ಡ್ ರಾಸ್ ಮೊದಲಾದವರು ಎತ್ತಿಹಿಡಿದ ಮೇಲೆ, 1907ರಲ್ಲಿ ಅವರ ಮೇಲಿನ ಆರೋಪ ಬಿತ್ತು.

ಧನುರ್ವಾಯುವಿನಲ್ಲಿ ಮೈ ಬಿಲ್ಲಾಗುತ್ತದೆ, ದವಡೆ ಕಚ್ಚಿಕೊಳ್ಳುತ್ತದೆ. ಡಾಕಿನ ಮೀನಿನ ಬಿಗಿತ ಮತ್ತು ಇದು ಒಂದೇ ಅಲ್ಲ. ಇಲ್ಲಿ ಸ್ನಾಯುವಿನ ಪ್ರೋಟೀನುಗಳೆಲ್ಲ ಸರಿಯಾಗಿಯೇ ಇವೆ, ಎಟಿಪಿ ಇದೆ. ಕೆಟ್ಟದ್ದು ಮೇಲಿನ ಅಪ್ಪಣೆ. ವಿಷ ನರದೊಳಗೆ ಸೇರಿ ಬೆನ್ನುಹುರಿಗೆ ಏರುತ್ತದೆ, ಅಲ್ಲಿ 'ಸಾಕು, ಬಿಡು' ಎಂದು ಹೇಳುವ ನರಕೋಶಗಳ ಬಾಯಿ ಕಟ್ಟುತ್ತದೆ. ಅದನ್ನು ಬೆನ್ನುಹುರಿಗೆ ಹೊತ್ತೊಯ್ಯುವುದು ಡೈನೀನ್, ಕೊಲಾಬಾದಲ್ಲಿ ಅಳೆದು ನೋಡಿದ ಅದೇ ಡೈನೀನ್. ಎಳೆಯುವ ಅಪ್ಪಣೆ ಮಾತ್ರ ಬರುತ್ತಲೇ ಇರುತ್ತದೆ. ಬಿಡುವ ವ್ಯವಸ್ಥೆ ದೇಹದಲ್ಲಿ ಒಂದೇ ಕಡೆ ಇಲ್ಲ. ಅಣುವಿನಲ್ಲೂ ಇದೆ, ನರದಲ್ಲೂ ಇದೆ. ಎಲ್ಲಿ ಕೆಟ್ಟರೂ ಜೀವಕ್ಕೆ ಕುತ್ತು.

ಕೆಇಎಂ ಆಸ್ಪತ್ರೆಯ ಎದುರಿನ ಚಹಾ ಅಂಗಡಿ

ಪ್ರಫುಲ್ಲ ಕುಮಾರ್ ಸೇನ್ ಅವರು 1968ರ ಫೆಬ್ರವರಿಯಲ್ಲಿ ಭಾರತದ ಮೊದಲ ಹೃದಯ ಕಸಿ ಮಾಡಿದ್ದು ಈ ಗೋಡೆಗಳ ಒಳಗೆ, ದಕ್ಷಿಣ ಆಫ್ರಿಕದಲ್ಲಿ ಬರ್ನಾರ್ಡ್ ಮಾಡಿ ಮೂರು ತಿಂಗಳೂ ಆಗಿರಲಿಲ್ಲ. ರೋಗಿ ಉಳಿದದ್ದು ಕೆಲವೇ ಗಂಟೆ. ಮುಂಬಯಿಗರು ಈ ಹೆಸರನ್ನು ಇನ್ನಷ್ಟು ನೆನೆಯಬೇಕು ಎಂಬುದು ನನ್ನ ಅಭಿಪ್ರಾಯ.

ಕಸಿ ಮಾಡಿದ ಹೃದಯಕ್ಕೆ ನರ ಜೋಡಿಸುವುದಿಲ್ಲ, ಆದರೂ ಬಡಿಯುತ್ತದೆ. ತೋಳಿನ ಸ್ನಾಯುವಿನ ನರ ಕತ್ತರಿಸಿದರೆ ತೋಳು ಸತ್ತಂತೆಯೇ. ಹೃದಯ ತನ್ನ ಲಯ ತಾನೇ ಹುಟ್ಟಿಸಿಕೊಳ್ಳುತ್ತದೆ. ಪ್ರತಿ ಬಡಿತಕ್ಕೂ ಹೊರಗಿನಿಂದ ಒಂದಿಷ್ಟು ಕ್ಯಾಲ್ಸಿಯಂ ಒಳನುಗ್ಗಬೇಕು, ಅದು ಒಳಚೀಲದ ಕ್ಯಾಲ್ಸಿಯಮ್ಮನ್ನು ಚೆಲ್ಲಿಸಬೇಕು. ರಿಂಗರ್ ಅವರ ಕಪ್ಪೆ ಹೃದಯ ನಿಂತದ್ದು ಈ ಹೊರಗಿನ ಪಾಲು ಸಿಗದೆ.

ದಿನಕ್ಕೆ ಸುಮಾರು ಒಂದು ಲಕ್ಷ ಬಡಿತ, ಅಂದರೆ ಒಂದು ಲಕ್ಷ ಸಲ ಸಡಿಲಿಕೆ. ಸಡಿಲಾದಾಗ ಮಾತ್ರ ಹೃದಯಕ್ಕೆ ರಕ್ತ ತುಂಬುತ್ತದೆ. ರೈಲು ಹಿಡಿಯಲು ಮೆಟ್ಟಿಲು ಓಡಿ ಹತ್ತುವಾಗ ಅಡ್ರಿನಲಿನ್ ಹೃದಯವನ್ನು ಜೋರಾಗಿ ಬಡಿಸುವುದರ ಜೊತೆಗೆ ಬೇಗ ಸಡಿಲಾಗುವ ಹಾಗೂ ಮಾಡುತ್ತದೆ. ಸೆರ್ಕಾವನ್ನು ತಡೆದು ಕೂತಿರುವ ಫಾಸ್ಫೊಲ್ಯಾಂಬನ್ ಎಂಬ ಪುಟ್ಟ ಪ್ರೋಟೀನು ಪಕ್ಕಕ್ಕೆ ಸರಿಯುತ್ತದೆ, ಟ್ರೋಪೊನಿನ್‌ನ ಹಿಡಿತವೂ ಸಡಿಲಾಗುತ್ತದೆ, ಕ್ಯಾಲ್ಸಿಯಂ ಬೇಗ ಹಿಂದಿರುಗುತ್ತದೆ. ಹಾಗಿಲ್ಲದಿದ್ದರೆ ವೇಗದ ಬಡಿತದಲ್ಲಿ ತುಂಬಲು ಹೊತ್ತೇ ಸಿಗುತ್ತಿರಲಿಲ್ಲ.

ನಮ್ಮ ಕಟ್ಟಡದಲ್ಲಿ ಐವತ್ತು ದಾಟಿದವರ ಎಕೋ ರಿಪೋರ್ಟುಗಳನ್ನು ನೋಡಿದರೆ ಒಂದು ಸಾಲು ಮತ್ತೆ ಮತ್ತೆ ಸಿಗುತ್ತದೆ: 'ಗ್ರೇಡ್ 1 ಡಯಾಸ್ಟೊಲಿಕ್ ಡಿಸ್‌ಫಂಕ್ಷನ್'. ಪಂಪ್ ಮಾಡುವ ಬಲ ಅರವತ್ತು ಪರ್ಸೆಂಟ್, ಅಂದರೆ ಸರಿಯಾಗಿದೆ. ಸಡಿಲಾಗುವುದು ಮಾತ್ರ ತುಸು ನಿಧಾನ. ವಯಸ್ಸು, ಬಿಪಿ, ಸಕ್ಕರೆ ಕಾಯಿಲೆ ಮೊದಲು ಮುಟ್ಟುವುದು ಬಿಡುವ ಶಕ್ತಿಯನ್ನೇ.

ಲ್ಯಾಬ್ ಕೌಂಟರ್

ಎದೆನೋವೆಂದು ಬಂದವರಿಗೆ ಟ್ರೋಪೊನಿನ್ ಟೆಸ್ಟ್. ಎಬಾಶಿ ಹುಡುಕಿದ ಅದೇ ಪ್ರೋಟೀನು. ಹೃದಯದ ಟ್ರೋಪೊನಿನ್ ಐ ಮತ್ತು ಟಿ ಕೈಕಾಲಿನವುಗಳಿಗಿಂತ ಬೇರೆ ರಚನೆಯವು. ರಕ್ತದಲ್ಲಿ ಅವು ಏರಿದರೆ ಹೃದಯದ ಕೋಶಕ್ಕೆ ಪೆಟ್ಟಾಗಿದೆ ಎಂದು ಸಾಮಾನ್ಯವಾಗಿ ಅರ್ಥ. ಆದರೆ ನೋವು ಶುರುವಾದ ಕೂಡಲೇ ಏರುವುದಿಲ್ಲ, ಕೆಲವು ಗಂಟೆ ಬೇಕು. ಮೊದಲ ರಿಪೋರ್ಟ್ ನೆಗೆಟಿವ್ ಬಂದರೂ ಡಾಕ್ಟರು ಇನ್ನೊಮ್ಮೆ ಮಾಡಿಸಿ ಎಂದರೆ ಅದು ಬಿಲ್ ಬೆಳೆಸುವುದಕ್ಕಲ್ಲ. ಮನೆಗೆ ಹೊರಡಬೇಡಿ.

ಇಪ್ಪತ್ತೈದು ಅಕ್ಷರ

ದಪ್ಪ ಎಳೆಗೂ ಒಂದು ಅಂಕುಶ ಇದೆ ಎಂಬುದು ಇತ್ತೀಚಿನ ವರ್ಷಗಳ ತಿಳಿವಳಿಕೆ. ವಿಶ್ರಾಂತಿಯಲ್ಲಿ ಬಹಳಷ್ಟು ಮಯೋಸಿನ್ ತಲೆಗಳು ಮಡಚಿಕೊಂಡು ಎಳೆಯ ಮೈಗೆ ಒರಗಿರುತ್ತವೆ, ಎಟಿಪಿಯನ್ನೂ ಅತಿ ನಿಧಾನ ಉರಿಸುತ್ತವೆ. ಹೃದಯದಲ್ಲಿ ಅವನ್ನು ಹಾಗೆ ಮಲಗಿಸಿಡಲು ನೆರವಾಗುವ ಪ್ರೋಟೀನು ಮಯೋಸಿನ್ ಬೈಂಡಿಂಗ್ ಪ್ರೋಟೀನ್ ಸಿ. ಅದರ ಜೀನು ಕೆಟ್ಟರೆ ಹೆಚ್ಚು ತಲೆಗಳು ಎದ್ದು ಕೂರುತ್ತವೆ. ಹೃದಯ ಅತಿಯಾಗಿ ಬಿಗಿಯುತ್ತದೆ, ಸರಿಯಾಗಿ ಸಡಿಲಾಗುವುದಿಲ್ಲ, ಗೋಡೆ ದಪ್ಪವಾಗುತ್ತ ಹೋಗುತ್ತದೆ. ಹೈಪರ್‌ಟ್ರೋಫಿಕ್ ಕಾರ್ಡಿಯೊಮಯೋಪತಿ ಎಂದು ಡಾಕ್ಟರುಗಳು ಹೇಳುವುದು ಇದನ್ನೇ. ಸುಮಾರು ಐನೂರರಲ್ಲಿ ಒಬ್ಬರಿಗೆ.

2009ರಲ್ಲಿ ಹೈದರಾಬಾದಿನ ಸಿಸಿಎಂಬಿ ಸಂಶೋಧನಾ ಸಂಸ್ಥೆಯ ಕುಮಾರಸಾಮಿ ತಂಗರಾಜ್, ಪೆರುಂದುರೈ ಧಂಡಪಾಣಿ ಮೊದಲಾದವರು ಈ ಜೀನಿನಲ್ಲಿ ಡಿಎನ್‌ಎಯ 25 ಅಕ್ಷರ ಅಳಿಸಿಹೋಗಿರುವ ಒಂದು ರೂಪ ಭಾರತ ಉಪಖಂಡದಲ್ಲಿ ನೂರಕ್ಕೆ ಸುಮಾರು ನಾಲ್ವರಲ್ಲಿ ಇದೆ ಎಂದು ತೋರಿಸಿದರು. ಪ್ರಮಾಣ ಊರಿಂದ ಊರಿಗೆ ಹೆಚ್ಚುಕಡಿಮೆ, ಉಪಖಂಡದ ಹೊರಗೆ ಬಹಳ ವಿರಳ. ಸುದ್ದಿ ಬಂದಾಗ ಗಾಬರಿಯೂ ಆಯಿತು. 2020ರ ಮರುಪರಿಶೀಲನೆಯಲ್ಲಿ ಚಿತ್ರ ಬದಲಾಯಿತು: ಆ ಅಳಿಕೆಯೊಂದೇ ಇದ್ದವರಿಗೆ ಅಪಾಯ ಅಷ್ಟಿಲ್ಲ, ಅದರ ಜೊತೆಗೆ ಅದೇ ಜೀನಿನಲ್ಲಿ ಸೇರಿಕೊಂಡು ಬರುವ ಇನ್ನೊಂದು ವಿರಳ ಬದಲಾವಣೆ ಇದ್ದವರಿಗೇ ರೋಗದ ಹೊರೆ ಹೆಚ್ಚು. ಇಷ್ಟು ಜನ ಹೊತ್ತು ತಿರುಗುವ ಬದಲಾವಣೆ ಇಷ್ಟು ಸಾವಿರ ವರ್ಷ ಉಳಿದುಬಂದದ್ದು ಹೇಗೆಂಬ ನನ್ನ ಪ್ರಶ್ನೆಗೂ ಇದರಲ್ಲಿ ಅರ್ಧ ಉತ್ತರ ಇದೆ.

2022ರಲ್ಲಿ ಅಮೆರಿಕದಲ್ಲಿ ಮಾವಾಕ್ಯಾಮ್ಟೆನ್ ಎಂಬ ಗುಳಿಗೆಗೆ ಒಪ್ಪಿಗೆ ಸಿಕ್ಕಿತು. ಅದು ಮಯೋಸಿನ್ ಮೇಲೇ ಕೆಲಸ ಮಾಡಿ ಎದ್ದು ಕೂತ ತಲೆಗಳನ್ನು ಮತ್ತೆ ಮಲಗಿಸುತ್ತದೆ. ಹೃದಯಕ್ಕೆ ಬಲ ಕೊಡುವ ಔಷಧ ಕೇಳಿದ್ದೆ. ಹೃದಯಕ್ಕೆ ಬಿಡುವುದನ್ನು ಕಲಿಸುವ ಔಷಧ ಇದು.

ಓದುವವರಿಗೆ ಒಂದು ಮಾತು. ನಿಮ್ಮ ಮನೆಯಲ್ಲಿ ಯಾರಾದರೂ ಚಿಕ್ಕ ವಯಸ್ಸಿನಲ್ಲಿ, ಆಡುತ್ತಲೋ ಓಡುತ್ತಲೋ, ಇದ್ದಕ್ಕಿದ್ದಂತೆ ಕುಸಿದು ತೀರಿಕೊಂಡಿದ್ದರೆ, ಅಥವಾ ಯಾರಿಗಾದರೂ ಹೃದಯದ ಗೋಡೆ ದಪ್ಪ ಎಂದು ಡಾಕ್ಟರು ಹೇಳಿದ್ದರೆ, ಅವರ ಒಡಹುಟ್ಟಿದವರು, ಹೆತ್ತವರು, ಮಕ್ಕಳು ಒಂದು ಇಸಿಜಿ, ಒಂದು ಎಕೋ ಮಾಡಿಸಿಕೊಳ್ಳಿ. ಹಣೆಬರಹ ಎಂದು ಸುಮ್ಮನಾಗಬೇಡಿ. ಎರಡೂ ನೋವಿಲ್ಲದ ಪರೀಕ್ಷೆ, ಮುಂಬಯಿಯ ಸರ್ಕಾರಿ ಮತ್ತು ಮಹಾನಗರಪಾಲಿಕೆಯ ದೊಡ್ಡ ಆಸ್ಪತ್ರೆಗಳಲ್ಲೂ ಸಿಗುತ್ತವೆ.